ಜಮೀನು ಭೋಗ್ಯಕ್ಕೆ ಹಾಕಿ ಜೆರುಸಲೇಮಿಗೆ ಹೊರಟವರು

2022ರ ಸೆಪ್ಟೆಂಬರಿನಲ್ಲಿ ಪುಟಿನ್ ಮೀಸಲು ಸೈನಿಕರನ್ನು ಉಕ್ರೇನ್ ಯುದ್ಧಕ್ಕೆ ಕರೆದರು. ನಾಲ್ಕು ದಿನ ಬಿಟ್ಟು ರಷ್ಯಾದ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥ ಕಿರಿಲ್ ತಮ್ಮ ಪ್ರವಚನದಲ್ಲಿ ಒಂದು ಮಾತು ಹೇಳಿದರು. ಕರ್ತವ್ಯ ಮಾಡುತ್ತ ಪ್ರಾಣ ಕೊಟ್ಟ ಸೈನಿಕನ ಬಲಿದಾನ ಅವನ ಪಾಪಗಳನ್ನೆಲ್ಲ ತೊಳೆದುಬಿಡುತ್ತದೆ ಅಂತ. 2024ರ ಮಾರ್ಚ್‌ನಲ್ಲಿ ಅವರೇ ಮುಖ್ಯಸ್ಥರಾಗಿರುವ ವಿಶ್ವ ರಷ್ಯನ್ ಜನ ಪರಿಷತ್ತು ಈ ಯುದ್ಧವನ್ನು 'ಪವಿತ್ರ ಯುದ್ಧ' ಎಂದು ಬರೆದೇ ಕೊಟ್ಟಿತು. ಇನ್ನು ಅಮೆರಿಕ. 2025ರ ಜನವರಿಯಲ್ಲಿ ರಕ್ಷಣಾ ಕಾರ್ಯದರ್ಶಿಯಾದ ಪೀಟ್ ಹೆಗ್ಸೆತ್ ಎದೆಯ ಮೇಲೆ ಜೆರುಸಲೇಮ್ ಶಿಲುಬೆಯ ಹಚ್ಚೆ ಇದೆ. ತೋಳಿನ ಮೇಲೆ 'ಡೇಯುಸ್ ವುಲ್ಟ್', ಅಂದರೆ 'ಇದು ದೇವರ ಇಚ್ಛೆ' ಎಂಬ ಹಳೆಯ ಘೋಷಣೆ. ಅತ್ತ ಬಿನ್ ಲಾಡೆನ್ 1998ರಲ್ಲಿ ಹೊರಡಿಸಿದ ಯುದ್ಧದ ಕರೆಯೂ 'ಯಹೂದಿಗಳು ಮತ್ತು ಕ್ರುಸೇಡರ್‌ಗಳ' ವಿರುದ್ಧವೇ ಇತ್ತು.

ಇವೆಲ್ಲದರ ಹಿಂದೆ ಇರುವುದು ಕ್ರುಸೇಡ್, ಅಂದರೆ ಜೆರುಸಲೇಮನ್ನು ಮುಸ್ಲಿಮರ ಕೈಯಿಂದ ಬಿಡಿಸಲು ಯೂರೋಪಿನ ಕ್ರೈಸ್ತರು 1096ರಲ್ಲಿ ಹೊರಟ ಯುದ್ಧಯಾತ್ರೆ. ಒಂಬೈನೂರು ವರ್ಷ ಹಳೆಯ ಆ ಯುದ್ಧ ಇಷ್ಟು ಜನರ ಬಾಯಲ್ಲಿ ಇನ್ನೂ ಓಡಾಡುತ್ತಿದೆ ಅಂದರೆ, ಆಗ ನಿಜವಾಗಿ ಹೋದವರು ಯಾಕೆ ಹೋದರು ಅಂತ ಕೇಳಬೇಕಲ್ವಾ?

ಸಾಮಾನ್ಯವಾಗಿ ಸಿಗುವ ಉತ್ತರ ಇದು: ದುರಾಸೆ. ಯೂರೋಪಿನಲ್ಲಿ ಅಪ್ಪನ ಆಸ್ತಿ ಹಿರಿಮಗನಿಗೆ ಹೋಗುತ್ತಿತ್ತು, ಕಿರಿಯರ ಕೈ ಬರಿದು, ಅವರು ಪೂರ್ವದಲ್ಲಿ ಜಮೀನು ಹುಡುಕಿಕೊಂಡು ಹೊರಟರು, ಧರ್ಮ ಬರೀ ನೆಪ. ಕೇಳಲು ಚೆನ್ನಾಗಿದೆ. ನಮ್ಮ ಕಾಲದ ಬುದ್ಧಿಗೆ ತಕ್ಷಣ ಒಪ್ಪಿಗೆಯೂ ಆಗುತ್ತದೆ. ದೇವರ ಹೆಸರು ಹೇಳುವವನ ಜೇಬು ಮೊದಲು ನೋಡಬೇಕು ಅಂತ ನಾವು ಕಲಿತಿದ್ದೇವೆ. ಸರಿ, ಹಾಗಾದರೆ ಜೇಬನ್ನೇ ನೋಡೋಣ.

1096ರ ಏಪ್ರಿಲ್ 12. ಫ್ರಾನ್ಸಿನ ಕ್ಲೂನಿ ಮಠದಲ್ಲಿ ಒಂದು ಪತ್ರ ಆಗುತ್ತದೆ. ಬರೆಸಿಕೊಟ್ಟವನು ಮಾನ್‌ಮೆರ್ಲ್‌ನ ಅಶಾರ್ ಎಂಬ ನೈಟ್, ಅಂದರೆ ಕುದುರೆ ಸವಾರ ಯೋಧ. ದೇವರಿಗಾಗಿ ಹೋರಾಡಲು ಕ್ರೈಸ್ತ ಜನರೆಲ್ಲ ಜೆರುಸಲೇಮಿನ ಕಡೆ ಎದ್ದು ಹೊರಟಿದ್ದಾರೆ, ನನಗೂ ಅದೇ ಹುಮ್ಮಸ್ಸು ಬಂದಿದೆ ಎಂದು ಪತ್ರದಲ್ಲಿದೆ. ಅಪ್ಪನಿಂದ ಬಂದ ಆಸ್ತಿಯನ್ನು ಅವನು ಮಠಕ್ಕೆ ಭೋಗ್ಯಕ್ಕೆ ಹಾಕುತ್ತಾನೆ. ಬದಲಿಗೆ ಪಡೆದದ್ದು ಲಿಯಾನ್ ಟಂಕಸಾಲೆಯ ಹಣದಲ್ಲಿ 2,000 ಸಾಲಿಡಸ್ (ಆಗಿನ ಹಣದ ಲೆಕ್ಕ) ಮತ್ತು ನಾಲ್ಕು ಹೇಸರಗತ್ತೆ. ಷರತ್ತೂ ಇದೆ. ಈ ಭೋಗ್ಯವನ್ನು ಅವನೊಬ್ಬನೇ ಬಿಡಿಸಿಕೊಳ್ಳಬೇಕು, ನೆಂಟರು ಯಾರೂ ಬಂದು ಕೇಳುವಂತಿಲ್ಲ. ಯಾತ್ರೆಯಲ್ಲಿ ಸತ್ತರೆ, ಅಥವಾ ಆ ಕಡೆಯೇ ಉಳಿದುಬಿಟ್ಟರೆ, ಆಸ್ತಿ ಶಾಶ್ವತವಾಗಿ ಮಠದ್ದು. ಮೂರು ವರ್ಷದ ನಂತರ, ಜೆರುಸಲೇಮ್ ಇನ್ನೇನು ಸಿಗಬೇಕು ಅನ್ನುವಾಗ, ಜಾಫಾ ಬಂದರಿನ ದಾರಿಯಲ್ಲಿ ನಡೆದ ಚಕಮಕಿಯಲ್ಲಿ ಅಶಾರ್ ಸತ್ತ. ಆಸ್ತಿ ಮಠಕ್ಕೆ ಹೋಯಿತು.

ಇಂಥ ಪತ್ರಗಳು ಯೂರೋಪಿನ ಮಠಗಳ ದಾಖಲೆಗಳಲ್ಲಿ ರಾಶಿ ಇವೆ. ಇವುಗಳನ್ನೇ ಕೂತು ಓದಿದ ಬ್ರಿಟಿಷ್ ಇತಿಹಾಸಕಾರ ಜೊನಾಥನ್ ರೈಲಿ ಸ್ಮಿತ್ ಹಳೆಯ ದುರಾಸೆ ವಾದವನ್ನು ಬಹುಮಟ್ಟಿಗೆ ಅಲುಗಾಡಿಸಿದರು. ಒಬ್ಬ ನೈಟ್ ಈ ಯಾತ್ರೆಗೆ ಹೊರಡಬೇಕಾದರೆ ಅವನ ವರ್ಷದ ಆದಾಯದ ನಾಲ್ಕು ಪಟ್ಟಾದರೂ ಹಣ ಬೇಕಿತ್ತು ಎನ್ನುವುದು ಅಂದಾಜು. ಕುದುರೆ, ಕವಚ, ಆಳುಗಳು, ವರ್ಷಗಟ್ಟಲೆ ಊಟ ಎಲ್ಲ ಅವನದೇ ಖರ್ಚು. ದೊಡ್ಡವರದ್ದೂ ಇದೇ ಕಥೆ. ನಾರ್ಮಂಡಿಯ ಡ್ಯೂಕ್ ರಾಬರ್ಟ್ ಇಡೀ ಸಂಸ್ಥಾನವನ್ನೇ 10,000 ಮಾರ್ಕ್ ಬೆಳ್ಳಿಗೆ ತಮ್ಮನ ಹತ್ತಿರ ಅಡವಿಟ್ಟ. ತಮ್ಮ ಇಂಗ್ಲೆಂಡಿನ ರಾಜ. ಅವನು ಆ ದುಡ್ಡು ಹೊಂದಿಸಲು ಇಂಗ್ಲೆಂಡಿನ ಜನರ ಮೇಲೆ ತೆರಿಗೆ ಹಾಕಿದ. ಯಾತ್ರೆಯ ಮುಖಂಡರಲ್ಲಿ ಒಬ್ಬನಾದ ಗಾಡ್‌ಫ್ರಿ ತನ್ನ ಬೂಯಾನ್ ಕೋಟೆಯನ್ನು ಲೀಜ್‌ನ ಬಿಷಪ್‌ಗೆ ಕೊಟ್ಟು ಹೊರಟ. ತುಲೂಸ್‌ನ ರೇಮಂಡ್ ದಕ್ಷಿಣ ಫ್ರಾನ್ಸಿನ ಅತಿ ಶ್ರೀಮಂತರಲ್ಲಿ ಒಬ್ಬ, ವಯಸ್ಸು ಐವತ್ತು ದಾಟಿತ್ತು. ಇವರನ್ನು ಆಸ್ತಿ ಇಲ್ಲದ ಕಿರಿಮಕ್ಕಳು ಅಂತ ಹೇಗೆ ಕರೆಯುವುದು? ಜಮೀನು ಬೇಕೆನ್ನುವವನು ಇರುವ ಜಮೀನನ್ನು ಅಡವಿಟ್ಟು ನಾಲ್ಕು ಸಾವಿರ ಕಿಲೋಮೀಟರ್ ದೂರ ಹೋಗುವುದಿಲ್ಲ. ಪಕ್ಕದ ಊರಿನವನ ಹೊಲಕ್ಕೆ ನುಗ್ಗುತ್ತಾನೆ. ಆ ಕಾಲದಲ್ಲಿ ಅದು ಸುಲಭವೂ ಇತ್ತು, ಎಲ್ಲರೂ ಮಾಡುತ್ತಲೂ ಇದ್ದರು.

ವಿಷಯ ಶುರುವಾಗುವುದು ಇಲ್ಲೇ.

ಹತ್ತನೇ, ಹನ್ನೊಂದನೇ ಶತಮಾನದ ಫ್ರಾನ್ಸಿನಲ್ಲಿ ರಾಜನ ಕೈ ಉದ್ದ ಇರಲಿಲ್ಲ. ಕೋಟೆಗೊಬ್ಬ ಪಾಳೆಯಗಾರ, ಅವನ ಹಿಂದೆ ಕುದುರೆ ಸವಾರರ ಗುಂಪು. ಇವರ ಕಸುಬು ಹೊಡೆದಾಟ. ಬೆಳೆ ಸುಡುವುದು, ದನ ಹೊಡೆದುಕೊಂಡು ಹೋಗುವುದು, ಚರ್ಚಿನ ಆಸ್ತಿಗೂ ಕೈ ಹಾಕುವುದು. ಇದನ್ನು ತಡೆಯಲು ಬಿಷಪ್‌ಗಳು 989ರ ಶಾರೂ ಸಭೆಯಿಂದ ಹಿಡಿದು ಒಂದಾದ ಮೇಲೊಂದು ನಿಯಮ ಮಾಡಿದರು. ಪಾದ್ರಿಗಳನ್ನು, ಬಡ ರೈತರನ್ನು ಮುಟ್ಟಬಾರದು. ಬುಧವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಕತ್ತಿ ಎತ್ತಬಾರದು. ಅಂದರೆ ವಾರದಲ್ಲಿ ಹೊಡೆದಾಟಕ್ಕೆ ಉಳಿದದ್ದು ಮೂರು ದಿನ! ಯಾರು ಎಷ್ಟು ಪಾಲಿಸಿದರು ಅನ್ನುವುದು ಬೇರೆ ಮಾತು.

ಆದರೆ ಈ ಯೋಧರು ದೇವರಿಗೆ ಹೆದರದವರಲ್ಲ. ಹೆದರಿಕೆ ಅವರಿಗೆ ಜಾಸ್ತಿಯೇ ಇತ್ತು. ಚರ್ಚಿನ ಲೆಕ್ಕದಲ್ಲಿ ಕೊಲೆ ಪಾಪ. ಯುದ್ಧದಲ್ಲಿ ಕೊಂದರೂ ಪಾಪ. ಎಷ್ಟರ ಮಟ್ಟಿಗೆ ಅಂದರೆ, 1066ರ ಹೇಸ್ಟಿಂಗ್ಸ್ ಕಾಳಗದಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರಲ್ಲ, ಆ ದಂಡಯಾತ್ರೆಗೆ ಪೋಪ್‌ನ ಒಪ್ಪಿಗೆ ಇತ್ತು. ಆದರೂ ಕೆಲವೇ ವರ್ಷಗಳಲ್ಲಿ ಗೆದ್ದ ಸೈನಿಕರಿಗೇ ಬಿಷಪ್‌ಗಳು ಪ್ರಾಯಶ್ಚಿತ್ತದ ಪಟ್ಟಿ ಹೊರಡಿಸಿದರು. ಕೊಂದ ಪ್ರತಿ ಒಬ್ಬನಿಗೆ ಒಂದು ವರ್ಷ ಪ್ರಾಯಶ್ಚಿತ್ತ. ಹೊಡೆದದ್ದು ಗೊತ್ತು, ಸತ್ತನೋ ಇಲ್ಲವೋ ಗೊತ್ತಿಲ್ಲ ಅಂದರೆ ತಲೆಗೆ 40 ದಿನ. ಲೆಕ್ಕವೇ ನೆನಪಿಲ್ಲ ಅನ್ನುವವನು ಬದುಕಿರುವವರೆಗೂ ವಾರಕ್ಕೊಂದು ದಿನ. ಅದು ಬೇಡವೆಂದರೆ ಚರ್ಚ್ ಕಟ್ಟಿಸಲಿ, ಅಥವಾ ಚರ್ಚಿಗೆ ದತ್ತಿ ಬಿಡಲಿ.

ಈ ಪಟ್ಟಿಯನ್ನು ಒಬ್ಬ ನೈಟ್‌ನ ಜಾಗದಲ್ಲಿ ನಿಂತು ಓದಿ ನೋಡಿ. ಹದಿನೈದು ವರ್ಷದಿಂದ ಕತ್ತಿ ಹಿಡಿದವನು. ಅವನ ಬಾಕಿ ಎಷ್ಟು ವರ್ಷ? ತೀರಿಸುವುದು ಯಾವಾಗ? ತೀರಿಸಿ ಬಂದ ಮೇಲೆ ಮತ್ತೆ ಮಾಡುವ ಕೆಲಸ ಅದೇ. ಬಿಡುಗಡೆ ಬೇಕೆಂದರೆ ಕತ್ತಿ ಬಿಸಾಡಿ ಮಠ ಸೇರಬೇಕು. ಇಲ್ಲ, ಬರಿಗೈಯಲ್ಲಿ ದೂರದ ತೀರ್ಥಯಾತ್ರೆ ಮಾಡಬೇಕು. ಆಂಜು ಪ್ರಾಂತ್ಯದ ಕೌಂಟ್ ಫುಲ್ಕ್ ನೆರಾ ಎಂಬ ಮಹಾ ಹೊಡೆದಾಟಗಾರ ಕನಿಷ್ಠ ಮೂರು ಸಲ ಜೆರುಸಲೇಮಿಗೆ ಹೋಗಿ ಬಂದ, ಪಾಪ ಕಳೆಯಲು ಮಠ ಕಟ್ಟಿಸಿದ. 1040ರಲ್ಲಿ ಸತ್ತದ್ದೂ ಹಾಗೊಂದು ಯಾತ್ರೆಯಿಂದ ಮರಳುವಾಗಲೇ. ನಡುವೆ ಊರಿಗೆ ಬಂದಾಗಲೆಲ್ಲ ಯುದ್ಧ.

1095ರ ನವೆಂಬರ್ 27ರಂದು ಫ್ರಾನ್ಸಿನ ಕ್ಲೆರ್ಮಾಂಟ್ ಸಭೆಯಲ್ಲಿ ಈ ಯಾತ್ರೆಗೆ ಕರೆ ಕೊಟ್ಟ ಪೋಪ್ ಎರಡನೇ ಅರ್ಬನ್ ಕೈ ಇಟ್ಟದ್ದು ಸರಿಯಾಗಿ ಈ ಗಾಯದ ಮೇಲೆ. ಅರ್ಬನ್ ಸ್ವತಃ ಫ್ರಾನ್ಸಿನ ಕುಲೀನ ಮನೆತನದವನು, ಕ್ಲೂನಿಯಲ್ಲಿ ಸನ್ಯಾಸಿಯಾಗಿದ್ದವನು. ನೈಟ್‌ಗಳ ಮನೆಯ ಒಳಗೂ ಗೊತ್ತು, ಮಠದ ಒಳಗೂ ಗೊತ್ತು. ಹೊರಗಿನ ಕಾರಣ ಸಿದ್ಧವಾಗಿಯೇ ಇತ್ತು. 1071ರ ಮಂಜಿಕರ್ಟ್ ಸೋಲಿನ ನಂತರ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಕ್ರೈಸ್ತ ಬೈಜಾಂಟಿಯಮ್ ಸಾಮ್ರಾಜ್ಯ ಅನಟೋಲಿಯಾವನ್ನು (ಇಂದಿನ ಟರ್ಕಿಯ ಬಹುಭಾಗ) ಸೆಲ್ಜುಕ್ ತುರ್ಕರಿಗೆ ಕಳೆದುಕೊಳ್ಳುತ್ತಾ ಬಂದಿತ್ತು. ಚಕ್ರವರ್ತಿ ಅಲೆಕ್ಸಿಯೋಸ್ ಆ ವರ್ಷದ ಮಾರ್ಚ್‌ನಲ್ಲಿ ಪಿಯಾಚೆಂಜಾ ಸಭೆಗೆ ದೂತರನ್ನು ಕಳಿಸಿ ಸಹಾಯ ಕೇಳಿದ್ದ. ಅವನಿಗೆ ಬೇಕಿದ್ದದ್ದು ಸಂಬಳದ ಸೈನಿಕರು. ಬಂದದ್ದು ಹರಕೆ ಹೊತ್ತ ಜನಸಾಗರ. ಪಾಪ, ಅವನಿಗೂ ಇದು ನಿರೀಕ್ಷೆ ಇರಲಿಲ್ಲ.

ಅರ್ಬನ್ ಭಾಷಣದ ವರದಿಗಳು ನಾಲ್ಕೈದು ಇವೆ. ಎಲ್ಲವೂ ಜೆರುಸಲೇಮ್ ಗೆದ್ದ ಮೇಲೆ ಬರೆದವು, ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಅವನು ಹೀಗೇ ಹೇಳಿದ ಅಂತ ಉದ್ಧರಣೆ ಚಿಹ್ನೆ ಹಾಕಿ ಬರೆಯುವವರನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಆದರೆ ಸಭೆಯ ನಿರ್ಣಯ ಉಳಿದಿದೆ, ಅದು ಚಿಕ್ಕದು. ಗೌರವಕ್ಕಾಗಿಯೋ ಹಣಕ್ಕಾಗಿಯೋ ಅಲ್ಲದೆ, ಕೇವಲ ಭಕ್ತಿಯಿಂದ, ದೇವರ ಚರ್ಚನ್ನು ಬಿಡಿಸಲು ಜೆರುಸಲೇಮಿಗೆ ಹೊರಟವನಿಗೆ ಆ ಪ್ರಯಾಣವೇ ಎಲ್ಲ ಪ್ರಾಯಶ್ಚಿತ್ತಕ್ಕೆ ಸಮ.

ಇಷ್ಟೇ. ಆದರೆ ಇದರಲ್ಲಿ ಆದ ಪಲ್ಲಟ ಎಂಥದ್ದು ನೋಡಿ. ಅಲ್ಲಿಯವರೆಗೆ ಕೊಂದದ್ದಕ್ಕೆ ಪ್ರಾಯಶ್ಚಿತ್ತ ಮಾಡಬೇಕಿತ್ತು. ಈಗ ಕೊಲ್ಲಲು ಹೋಗುವುದೇ ಪ್ರಾಯಶ್ಚಿತ್ತ. ಕತ್ತಿ ಬಿಸಾಡಬೇಕಿಲ್ಲ, ಮಠ ಸೇರಬೇಕಿಲ್ಲ, ಗೊತ್ತಿರುವ ಕಸುಬನ್ನೇ ಮಾಡಿ ಪಾಪ ಕಳೆದುಕೊಳ್ಳಬಹುದು. ನೋಜಾಂ ಮಠದ ಅಧಿಪತಿ ಗಿಬೆರ್ ಇದನ್ನು ಆಗಲೇ ಗುರುತಿಸಿದ್ದ. ಸನ್ಯಾಸ ತೆಗೆದುಕೊಳ್ಳದೆ ತಮ್ಮ ಎಂದಿನ ರೀತಿಯಲ್ಲೇ ಮೋಕ್ಷ ಪಡೆಯಲು ದೇವರು ನೈಟ್‌ಗಳಿಗೆ ಹೊಸ ದಾರಿ ತೋರಿಸಿದ್ದಾನೆ ಎಂದು ಬರೆದ. ಟ್ಯಾಂಕ್ರೆಡ್ ಎಂಬ ನಾರ್ಮನ್ ಯುವಕನ ಬಗ್ಗೆ ಅವನ ಚರಿತ್ರಕಾರ ಹೇಳುವುದೂ ಇದೇ. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸು ಅನ್ನುತ್ತದೆ ಬೈಬಲ್, ಕಸುಬು ನೋಡಿದರೆ ಬಂಧುವಿನ ರಕ್ತವನ್ನೂ ಬಿಡುವುದಿಲ್ಲ. ಈ ಸಂಕಟದಲ್ಲೇ ಅವನು ಬೇಯುತ್ತಿದ್ದ. ಪೋಪ್ ಮಾತು ಕಿವಿಗೆ ಬಿದ್ದದ್ದೇ ಮಲಗಿದ್ದವನು ಎದ್ದಂತೆ ಆದನಂತೆ. ಟ್ಯಾಂಕ್ರೆಡ್ ಹೆಸರು ನೆನಪಿಟ್ಟುಕೊಳ್ಳಿ, ಅವನು ಜೆರುಸಲೇಮಿನಲ್ಲಿ ಮತ್ತೆ ಸಿಗುತ್ತಾನೆ.

ಇಲ್ಲೊಂದು ಮಾತು ಹೇಳಬೇಕು. ಇವತ್ತು ಶಿಲುಬೆ ಹಚ್ಚೆ ಹಾಕಿಸಿಕೊಂಡು ಆ ಯೋಧರ ವಾರಸುದಾರರು ನಾವು ಎನ್ನುವವರು ತಮ್ಮನ್ನು ಸರಿಯಾದವರು, ಎದುರಿನವರನ್ನು ಪಾಪಿಗಳು ಅಂತ ತಿಳಿಯುತ್ತಾರೆ. 1096ರಲ್ಲಿ ಬಟ್ಟೆಯ ಶಿಲುಬೆ ಭುಜಕ್ಕೆ ಹೊಲಿಸಿಕೊಂಡವನು ಮೊದಲು ತನ್ನನ್ನೇ ಪಾಪಿ ಅಂತ ಬರೆಸುತ್ತಿದ್ದ. ಮಠಗಳ ಪತ್ರಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ: ನಾನು ಮಾಡಿದ ಅನ್ಯಾಯಗಳಿಗಾಗಿ, ಈ ಮಠಕ್ಕೆ ಕೊಟ್ಟ ಕಿರುಕುಳಕ್ಕಾಗಿ. ಕಿರಿಲ್ ಅವರ ಮಾತು ಅರ್ಬನ್ ಮಾತಿಗೆ ಹತ್ತಿರ ಕಾಣುತ್ತದೆ. ಆದರೆ ಅರ್ಬನ್ ಅದನ್ನು ಹೇಳಿದ್ದು ಸರ್ಕಾರ ಕರೆದವರಿಗೆ ಅಲ್ಲ, ತಾವಾಗಿ ಹರಕೆ ಹೊತ್ತವರಿಗೆ.

ಭಕ್ತಿಯೊಂದೇ ಅಂತಲೂ ಹೇಳಲು ಬರುವುದಿಲ್ಲ. ಹೊರಟವರ ಪಟ್ಟಿ ನೋಡಿದರೆ ಮನೆತನಗಳು ಗುಂಪಾಗಿ ಕಾಣುತ್ತವೆ. ಪ್ಯಾರಿಸ್ ಹತ್ತಿರದ ಮಾನ್‌ಲೆರಿ ಮನೆತನದಿಂದ, ಅದರ ಅಳಿಯಂದಿರು, ಸೋದರಳಿಯಂದಿರ ಕಡೆಯಿಂದ ಸಾಲುಸಾಲಾಗಿ ಹೋದರು. ಒಬ್ಬನನ್ನೂ ಕಳಿಸದ ಮನೆತನಗಳೂ ಇದ್ದವು. ಅಜ್ಜ ಯಾತ್ರೆ ಮಾಡಿದ್ದ, ಭಾವ ಹೊರಟಿದ್ದಾನೆ, ನಾನು ಉಳಿದರೆ ನಾಲ್ಕು ಜನ ಏನಂತಾರೆ? ಈ ನಾಲ್ಕು ಜನದ ಶಕ್ತಿ ದೊಡ್ಡದು. ಜೊತೆಗೆ ಯಜಮಾನನ ಮಾನದ ಪ್ರಶ್ನೆ. ಜೆರುಸಲೇಮ್ ಯೇಸುವಿಗೆ ಸೇರಿದ ಊರು, ಅದನ್ನು ಬೇರೆಯವರು ಕಿತ್ತುಕೊಂಡಿದ್ದಾರೆ, ಒಡೆಯನ ಆಸ್ತಿ ಬಿಡಿಸಿಕೊಡುವುದು ಆಳಿನ ಕೆಲಸ. ಊಳಿಗದ ಲೋಕದಲ್ಲಿ ಬೆಳೆದವನಿಗೆ ಈ ವಾದ ಬಿಡಿಸಿ ಹೇಳಬೇಕಾದ್ದೇ ಇಲ್ಲ.

ಬ್ಲೋವಾದ ಕೌಂಟ್ ಸ್ಟೀಫನ್‌ನ ಕಥೆಯಲ್ಲಿ ಇದೆಲ್ಲ ಕಲಸಿಕೊಂಡು ಸಿಗುತ್ತದೆ. ವರ್ಷದಲ್ಲಿ ಎಷ್ಟು ದಿನವೋ ಅಷ್ಟು ಕೋಟೆ ಅವನಿಗಿದ್ದವು ಎಂದು ಜನ ಆಡಿಕೊಳ್ಳುತ್ತಿದ್ದರು. ಹೆಂಡತಿ ಅಡೇಲಾ ಇಂಗ್ಲೆಂಡ್ ಗೆದ್ದ ವಿಲಿಯಂನ ಮಗಳು. ಅವಳಿಗೆ ಅವನು ಬರೆದ ಪತ್ರಗಳು ಉಳಿದಿವೆ. 1097ರ ಜೂನ್‌ನಲ್ಲಿ ನೈಸಿಯಾದಿಂದ ಬರೆಯುತ್ತಾನೆ: ದಾರಿಯಲ್ಲಿರುವ ಆಂಟಿಯೋಕ್ ನಗರ ಅಡ್ಡ ಬರದಿದ್ದರೆ ಐದು ವಾರದಲ್ಲಿ ಜೆರುಸಲೇಮಿನಲ್ಲಿರುತ್ತೇವೆ. ಆಂಟಿಯೋಕ್ ಅಡ್ಡ ಬಂತು, ಜೆರುಸಲೇಮ್ ತಲುಪಲು ಎರಡು ವರ್ಷ ಹಿಡಿಯಿತು. ಮರುವರ್ಷ ಮಾರ್ಚ್‌ನಲ್ಲಿ ಆಂಟಿಯೋಕ್ ಮುತ್ತಿಗೆಯ ನಡುವಿನಿಂದ ಇನ್ನೊಂದು ಪತ್ರ: ನೀನು ಹೊರಡುವಾಗ ಕೊಟ್ಟು ಕಳಿಸಿದ ಚಿನ್ನ ಬೆಳ್ಳಿಯ ಎರಡರಷ್ಟು ಈಗ ನನ್ನ ಹತ್ತಿರ ಇದೆ. ಅಂದರೆ ಲೂಟಿಯ ಆಸೆ ಸುಳ್ಳಲ್ಲ. ಅದೇ ಶಿಬಿರದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು, ಕುದುರೆಗಳು ನೆಲಕ್ಕೆ ಬೀಳುತ್ತಿದ್ದವು. ಜೂನ್‌ನಲ್ಲಿ ನಗರ ಕೈಗೆ ಸಿಗುವ ಹಿಂದಿನ ದಿನ ಸ್ಟೀಫನ್ ಶಿಬಿರ ಬಿಟ್ಟು ಊರ ದಾರಿ ಹಿಡಿದ! ಊರಲ್ಲಿ ಅವನಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಅಡೇಲಾಳೇ ಬೆನ್ನು ಹತ್ತಿದಳು. 1101ರಲ್ಲಿ ಮತ್ತೆ ಹೊರಟ, 1102ರಲ್ಲಿ ರಾಮ್ಲಾ ಎಂಬಲ್ಲಿ ಸತ್ತ. ಮೊದಲ ಸಲ ಅವನನ್ನು ಕಳಿಸಿದ್ದು ಪೋಪ್ ಇರಬಹುದು. ಎರಡನೇ ಸಲ ಕಳಿಸಿದ್ದು ಮರ್ಯಾದೆ.

ಜಮೀನಿಗಾಗಿಯೇ ಹೋದವರೂ ಇದ್ದರು, ಬಚ್ಚಿಡುವುದು ಬೇಡ. ದಕ್ಷಿಣ ಇಟಲಿಯ ಬೊಹೆಮಂಡ್ ಹಿರಿಮಗನಾಗಿದ್ದೂ ಅಪ್ಪನ ರಾಜ್ಯ ಸಿಗದೆ ಉಳಿದವನು. ಅವನು ಆಂಟಿಯೋಕನ್ನು ತನ್ನದಾಗಿಸಿಕೊಂಡ, ಜೆರುಸಲೇಮ್ ಮುತ್ತಿಗೆಗೆ ಬರಲೇ ಇಲ್ಲ. ಗಾಡ್‌ಫ್ರಿಯ ತಮ್ಮ ಬಾಲ್ಡ್‌ವಿನ್ ನಡುದಾರಿಯಲ್ಲೇ ಪಕ್ಕಕ್ಕೆ ತಿರುಗಿ ಎಡೆಸ್ಸಾದ ಒಡೆಯನಾದ. ಹಳೆಯ ವಾದಕ್ಕೆ ಹೇಳಿ ಮಾಡಿಸಿದಂಥ ಇಬ್ಬರು. ಆದರೆ ಇವರನ್ನು ನೋಡಿ ಸೇನೆ ಏನು ಮಾಡಿತು ಅನ್ನುವುದು ಮುಖ್ಯ. 1099ರ ಜನವರಿಯಲ್ಲಿ ನಾಯಕರು ಸಿರಿಯಾದಲ್ಲಿ ಯಾರಿಗೆ ಯಾವ ಊರು ಅಂತ ಕಿತ್ತಾಡುತ್ತಾ ಕೂತಿದ್ದರು. ಮಾರತ್ ಅಲ್ ನುಮಾನ್ ಎಂಬ ಪಟ್ಟಣ ಆಗಷ್ಟೇ ಕೈಗೆ ಬಂದಿತ್ತು. ಹಸಿದ ಸೈನಿಕರು ಸತ್ತವರ ಮಾಂಸ ತಿಂದ ಜಾಗ ಅದು. ಕಾದು ಕಾದು ಸಾಕಾದ ಬಡ ಯಾತ್ರಿಕರು ಪಟ್ಟಣದ ಗೋಡೆಯನ್ನು ಕೈಯಾರೆ ಕಿತ್ತು ಕೆಡವಿದರು. ಗೋಡೆ ಇದ್ದರೆ ತಾನೇ ನೀವು ಊರಿಗಾಗಿ ಕಿತ್ತಾಡುವುದು? ನಾಯಕರಲ್ಲಿ ಒಬ್ಬನಾದ ತುಲೂಸ್‌ನ ರೇಮಂಡ್‌ಗೆ ಬೇರೆ ದಾರಿ ಇರಲಿಲ್ಲ. ಕೆಲವೇ ದಿನಗಳಲ್ಲಿ ಅವನು ಯಾತ್ರಿಕನಂತೆ ಬರಿಗಾಲಲ್ಲಿ ಮುಂದೆ ಹೊರಟ.

ಈ ಬಡವರ ಮಾತು ಬಂತಲ್ಲ. ಪೋಪ್ ಕರೆದದ್ದು ಯೋಧರನ್ನು. ಮುದುಕರು, ಅಶಕ್ತರು ಬೇಡ, ಮದುವೆಯಾದ ಹುಡುಗರು ಹೆಂಡತಿಯ ಒಪ್ಪಿಗೆ ಇಲ್ಲದೆ ಹೊರಡಬೇಡಿ ಅಂದಿದ್ದ. ಕೇಳುವವರು ಯಾರು? ಬರಗಾಲದ ಕೆಟ್ಟ ವರ್ಷಗಳಿಂದ ಬೇಸತ್ತಿದ್ದ ಜನ ಪೀಟರ್ ಎಂಬ ಬೋಧಕನ ಹಿಂದೆ ಎದ್ದು ನಡೆದರು. ಒಂದು ಗುಂಪು ಹೆಬ್ಬಾತಿನ ಮೈಯಲ್ಲಿ ದೈವ ಬಂದಿದೆ ಅಂತ ನಂಬಿ ಅದರ ಹಿಂದೆಯೇ ಹೊರಟಿತ್ತಂತೆ. ಇದನ್ನು ಬರೆದಿಟ್ಟವನೂ ಕ್ರೈಸ್ತನೇ, ಬೈದುಕೊಂಡೇ ಬರೆದಿದ್ದಾನೆ. ಪೀಟರ್‌ನ ಜನರಲ್ಲಿ ಬಹುಪಾಲು 1096ರ ಅಕ್ಟೋಬರಿನಲ್ಲಿ ಅನಟೋಲಿಯಾದಲ್ಲಿ ತುರ್ಕರ ಕತ್ತಿಗೆ ಸಿಕ್ಕು ಸತ್ತರು.

ಅದಕ್ಕೂ ಮೊದಲು ಜರ್ಮನಿಯಲ್ಲಿ ಇನ್ನೊಂದು ನಡೆದುಹೋಗಿತ್ತು. 1096ರ ಮೇ ತಿಂಗಳಲ್ಲಿ ಎಮಿಕೊ ಎಂಬ ಕೌಂಟ್ ಮತ್ತು ಅವನಂಥವರ ಗುಂಪುಗಳು ರೈನ್ ನದಿ ದಂಡೆಯ ಸ್ಪೈಯರ್, ವೋರ್ಮ್ಸ್, ಮೈಂಜ್ ಊರುಗಳ ಯಹೂದಿಗಳ ಮೇಲೆ ಬಿದ್ದವು. ದೇವರ ವೈರಿಗಳನ್ನು ಹುಡುಕಿಕೊಂಡು ಅಷ್ಟು ದೂರ ಯಾಕೆ ಹೋಗಬೇಕು, ಯೇಸುವನ್ನು ಕೊಂದವರು ಇಲ್ಲೇ ಇದ್ದಾರಲ್ಲ ಅನ್ನುವುದು ಅವರ ತರ್ಕ. ಸ್ಪೈಯರ್‌ನ ಬಿಷಪ್ ಬಹುತೇಕ ಜನರನ್ನು ಉಳಿಸಿದ. ವೋರ್ಮ್ಸ್ ಮತ್ತು ಮೈಂಜ್‌ನಲ್ಲಿ ನೂರಾರು ಜನ ಸತ್ತರು. ಬಲವಂತದ ದೀಕ್ಷಾಸ್ನಾನಕ್ಕಿಂತ ಸಾವೇ ವಾಸಿ ಎಂದು ಮಕ್ಕಳನ್ನು ತಾವೇ ಕೊಂದು ಸತ್ತ ತಾಯಂದಿರ ಸಂಗತಿ ಹೀಬ್ರೂ ದಾಖಲೆಗಳಲ್ಲಿದೆ. ಹಣದ ಆಸೆಯೂ ಇತ್ತು, ನಿಜ. ಆದರೆ ಬರೀ ಹಣ ಬೇಕಿದ್ದವನು ದೀಕ್ಷಾಸ್ನಾನ ಮಾಡಿಸಿಕೋ ಅಂತ ಪೀಡಿಸುವುದಿಲ್ಲ.

'ಅವರು ಭಕ್ತಿಯಿಂದ ಹೋದರು' ಎಂದರೆ ಕೆಲವರಿಗೆ ಅದು ಹೊಗಳಿಕೆಯಂತೆ ಕೇಳಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ದುರಾಸೆ ಒಂದು ಕಡೆ ನಿಲ್ಲುತ್ತದೆ, ಕೊಡಬೇಕಾದ್ದು ಕೊಟ್ಟರೆ ಬಿಟ್ಟು ಹೋಗುತ್ತದೆ. ಭಕ್ತಿಗೆ ಆ ಬೆಲೆಪಟ್ಟಿ ಇಲ್ಲ. 1099ರ ಜುಲೈ 15ರಂದು ಜೆರುಸಲೇಮಿನ ಗೋಡೆ ಹತ್ತಿ ಒಳನುಗ್ಗಿದವರು ಮುಸ್ಲಿಮರನ್ನೂ ಯಹೂದಿಗಳನ್ನೂ ಸಿಕ್ಕಸಿಕ್ಕಲ್ಲಿ ಕೊಂದರು. ವಿಚಿತ್ರ ಏನೆಂದರೆ ಊರು ಆಗ ತುರ್ಕರ ಕೈಯಲ್ಲೂ ಇರಲಿಲ್ಲ. ಹಿಂದಿನ ವರ್ಷವೇ ಈಜಿಪ್ಟಿನ ಫಾತಿಮಿಗಳು ಅದನ್ನು ತುರ್ಕರಿಂದ ಕಿತ್ತುಕೊಂಡಿದ್ದರು. ಅಲ್ ಅಕ್ಸಾ ಮಸೀದಿಯ ಛಾವಣಿ ಹತ್ತಿ ಶರಣಾದವರಿಗೆ ಟ್ಯಾಂಕ್ರೆಡ್ ರಕ್ಷಣೆಯ ಗುರುತಾಗಿ ತನ್ನ ಬಾವುಟ ಕೊಟ್ಟಿದ್ದ. ಮರುದಿನ ಬೆಳಿಗ್ಗೆ ಬೇರೆಯವರು ಹತ್ತಿ ಅವರನ್ನೂ ಕೊಂದರು. ಟ್ಯಾಂಕ್ರೆಡ್‌ಗೆ ಸಿಟ್ಟು ಬಂತು. ಆದರೆ ಪಕ್ಕದ 'ಬಂಡೆಯ ಗುಮ್ಮಟ' (ಡೋಮ್ ಆಫ್ ದಿ ರಾಕ್) ಎಂಬ ಪವಿತ್ರ ಕಟ್ಟಡದಿಂದ ಚಿನ್ನ ಬೆಳ್ಳಿ ಹೊತ್ತವನೂ ಅವನೇ. ಕುದುರೆಯ ಲಗಾಮಿನವರೆಗೆ ರಕ್ತ ಹರಿಯಿತು ಎಂದು ಅವರದೇ ಪಾದ್ರಿಯೊಬ್ಬ ಬರೆದ. ಅದು ಬೈಬಲಿನ ಕೊನೆಯ ಪುಸ್ತಕದಿಂದ ಎತ್ತಿದ ಸಾಲು, ಅಳೆದು ನೋಡಿದ್ದಲ್ಲ. ಆದರೆ ಆ ಸಾಲನ್ನೇ ಅವನು ಆರಿಸಿಕೊಂಡದ್ದರಲ್ಲಿ ನಾಚಿಕೆ ಕಾಣುವುದಿಲ್ಲ, ಹೆಮ್ಮೆ ಕಾಣುತ್ತದೆ. ಕೊಂದು ಮುಗಿಸಿದವರು ಯೇಸುವಿನ ಸಮಾಧಿಯ ಮುಂದೆ ಹೋಗಿ ಸಂತೋಷಕ್ಕೆ ಅತ್ತರು. ನಮಗೆ ಇವೆರಡು ಬೇರೆ ಬೇರೆ ಕೆಲಸ. ಅವರಿಗೆ ಒಂದೇ.

ಆಮೇಲೆ? ಬಹುತೇಕ ಜನ ಮನೆಗೆ ಹೋದರು. ಹೊರಟವರು 60,000ಕ್ಕೂ ಹೆಚ್ಚು ಎನ್ನುವುದು ಅಂದಾಜು. ಜೆರುಸಲೇಮ್ ಕಂಡವರು ಅದರಲ್ಲಿ ನಾಲ್ಕನೇ ಒಂದು ಭಾಗವೂ ಇರಲಿಕ್ಕಿಲ್ಲ. ಗೆದ್ದ ನೆಲ ಕಾಯಲು ಗಾಡ್‌ಫ್ರಿ ಜೊತೆ ಉಳಿದ ನೈಟ್‌ಗಳು ಸುಮಾರು 300. ಜಮೀನಿಗಾಗಿ ಬಂದವರು ಹೀಗೆ ಜಮೀನು ಬಿಟ್ಟು ಹೋಗುತ್ತಾರೆಯೇ?

ಮುಂದಿನ ತಲೆಮಾರುಗಳಲ್ಲಿ ಕಾರಣಗಳ ಪಾಕ ಬದಲಾಗುತ್ತಾ ಹೋಯಿತು. 1146ರಲ್ಲಿ ವೆಜ್ಲೇಯಲ್ಲಿ ಬರ್ನಾರ್ಡ್ ಎಂಬ ಮಠಾಧಿಪತಿ ಮಾತಾಡಿದಾಗ ಕತ್ತರಿಸಿ ತಂದ ಬಟ್ಟೆಯ ಶಿಲುಬೆಗಳು ಸಾಲದೆ ತನ್ನ ಉಡುಪನ್ನೇ ಹರಿದು ಹಂಚಿದನಂತೆ. ನೀನು ಜಾಣ ವ್ಯಾಪಾರಿಯಾಗಿದ್ದರೆ ಈ ವ್ಯವಹಾರ ಬಿಡಬೇಡ ಅಂತಲೂ ಅವನು ಪತ್ರದಲ್ಲಿ ಬರೆದ. ಹೊರಟವರ ಸಾಲದ ಬಡ್ಡಿಗೆ ಪೋಪ್ ತಡೆ ಕೊಟ್ಟ, ಮನೆ ಮಠ ಕಾಯುವ ಹೊಣೆ ಚರ್ಚ್ ಹೊತ್ತಿತು. 1187ರಲ್ಲಿ ಸಲಾದಿನ್ ಜೆರುಸಲೇಮನ್ನು ಮರಳಿ ಪಡೆದ ಮೇಲೆ, ಹೊರಡದೆ ಕೂತ ಗಂಡಸರಿಗೆ ಊರವರು ಉಣ್ಣೆ ಮತ್ತು ನೂಲುವ ಕದಿರು ಕಳಿಸಿ ಹಂಗಿಸುತ್ತಿದ್ದರು. 1204ರಲ್ಲಿ ನಾಲ್ಕನೇ ಕ್ರುಸೇಡ್‌ನ ದಂಡು ಜೆರುಸಲೇಮಿನ ಮುಖವನ್ನೂ ನೋಡದೆ, ಕ್ರೈಸ್ತರದೇ ಆದ ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿತು.

1213ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಬಾಗಿಲನ್ನು ಇನ್ನಷ್ಟು ಅಗಲ ಮಾಡಿದ. ಯಾರು ಬೇಕಾದರೂ ಶಿಲುಬೆ ತೊಡಬಹುದು, ಶಕ್ತಿ ಇಲ್ಲದವರು ಹರಕೆಗೆ ಬದಲು ಹಣ ಕಟ್ಟಬಹುದು, ತಮ್ಮ ಖರ್ಚಿನಲ್ಲಿ ಬೇರೆಯವನನ್ನು ಕಳಿಸಿದರೂ ಪೂರ್ತಿ ಪಾಪಪರಿಹಾರ ಸಿಗುತ್ತದೆ. ಹೋಗದೆಯೂ ಹೋದ ಫಲ ಸಿಗುತ್ತದೆ ಅಂದ ಮೇಲೆ ಹೋಗುವವರು ಎಷ್ಟು ದಿನ ಹೋಗುತ್ತಾರೆ? ಆ ಹಣದ ದಾರಿ ಮಾತ್ರ ಮುಚ್ಚಲಿಲ್ಲ. 1517ರಲ್ಲಿ ಮಾರ್ಟಿನ್ ಲೂಥರ್ ತಿರುಗಿಬಿದ್ದದ್ದು ಅದರ ಮೊಮ್ಮಗನಂಥ ವ್ಯಾಪಾರದ ಮೇಲೆ. ಆಗ ಜರ್ಮನಿಯಲ್ಲಿ ಮಾರುತ್ತಿದ್ದ ಪಾಪಪರಿಹಾರ ಪತ್ರದ ಅರ್ಧ ಹಣ ರೋಮಿನ ಸೇಂಟ್ ಪೀಟರ್ ಚರ್ಚ್ ಕಟ್ಟಡಕ್ಕೆ, ಇನ್ನರ್ಧ ಮೈಂಜ್‌ನ ಆರ್ಚ್‌ಬಿಷಪ್ ಫುಗ್ಗರ್ ಬ್ಯಾಂಕಿನವರಿಂದ ಮಾಡಿದ್ದ ಸಾಲಕ್ಕೆ ಹೋಗುತ್ತಿತ್ತು.